ಹನ್ನೆರಡು ಟ್ರ್ಯಾಪು, ಹದಿನಾರು ತೊಗಲು

1996ರ ಮಾರ್ಚ್ 9, ಶನಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಪಿಕರಿಂಗ್ ಪಟ್ಟಣದ ಪೂರ್ವಕ್ಕೆ, ಸರೋವರಕ್ಕೆ ಅಂಟಿಕೊಂಡ ಜೌಗಿನ ದಡದಲ್ಲಿ ಮಡಿವಾಳಪ್ಪ ಟ್ರಕ್ಕಿನ ಎಂಜಿನ್ ಆರಿಸಿ ಕಿಟಕಿ ಇಳಿಸಿದ. ಹನಿ ಬೀಳುವ ಸದ್ದು ಕೇಳಿಸಿತು. ಬೇಲಿಯ ತಂತಿಯಿಂದ, ವಿಲೋ ಮರದ ಕೊಂಬೆಗಳಿಂದ, ಟ್ರಕ್ಕಿನ ಅಂಚಿನಿಂದ ಎಲ್ಲೆಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ಆ ಸದ್ದು ಅವನಿಗೆ ಬೇಡವಾಗಿತ್ತು.

ಪಕ್ಕದ ಸೀಟಿನಲ್ಲಿದ್ದ ಮಧುಸೂದನ್ ಉಷ್ಣಮಾಪಕವನ್ನು ಹೊರಗೆ ಹಿಡಿದು ನೋಡಿದ. "ನಾಲ್ಕು ಡಿಗ್ರಿ. ಪ್ಲಸ್ಸು, ಮೈನಸ್ಸಲ್ಲ. ಸಾರ್, ವಾಪಸ್ ಹೋಗಿ ಒಂದೊಳ್ಳೆ ಕಾಫಿ ಕುಡಿಯೋಣ್ವಾ?"

"ಟ್ರ್ಯಾಪ್ ಎಲ್ಲಾ ತಗದ ಮ್ಯಾಲ ಕುಡಿಯೂಣ್ರಿ, ಸಾಹೇಬ್ರ."

"ಅಷ್ಟೊತ್ತಿಗೆ ನಾವಿರ್ತೀವೋ ಇಲ್ವೋ."

ಮಡಿವಾಳಪ್ಪ ನಗಲಿಲ್ಲ. ಜೌಗಿನ ಮಂಜುಗಡ್ಡೆಯ ಕೆಳಗೆ ಅವನ ಹನ್ನೆರಡು ಟ್ರ್ಯಾಪುಗಳಿದ್ದವು. ನಾಳೆ ಸಂಜೆಯೊಳಗೆ ಹನ್ನೆರಡೂ ಹೊರಗೆ ಬರಬೇಕು, ಅವುಗಳಲ್ಲಿ ಕನಿಷ್ಠ ಏಳು ಮಸ್ಕ್‌ರಾಟ್ ಸಿಕ್ಕಿರಬೇಕು. ಇಂದು ಮಧ್ಯಾಹ್ನದಿಂದ ಮಳೆ ಎಂದು ರೇಡಿಯೋ ಹೇಳಿತ್ತು. ಮಳೆ ಬಿದ್ದರೆ ನಾಳೆ ಅಲ್ಲಿ ನಡೆಯಲು ಮಂಜುಗಡ್ಡೆಯೇ ಇರುವುದಿಲ್ಲ.

ಮಸ್ಕ್‌ರಾಟ್ ಎಂದರೆ ನೀರಿನಲ್ಲೇ ಬಾಳುವ, ಒಂದು ಕಿಲೋ ತೂಗುವ, ಕಂದು ತುಪ್ಪಳದ ದಂಶಕ. ಮಡಿವಾಳಪ್ಪನ ತಾಯಿ ಈರವ್ವ ಅದಕ್ಕೆ ನೀರಹೆಗ್ಗಣ ಎಂದು ಹೆಸರಿಟ್ಟಿದ್ದಳು. ಈ ಜೌಗಿನಲ್ಲಿ ಅವನ್ನು ಹಿಡಿಯುವ ಹಕ್ಕು ಮೂವತ್ತು ವರ್ಷಗಳಿಂದ ಅರ್ನಿ ಎಂಬ ಮುದುಕನದಾಗಿತ್ತು. ಬಣ್ಣದ ಕಾರ್ಖಾನೆಯಲ್ಲಿ ಮಡಿವಾಳಪ್ಪ ರಸಾಯನಶಾಸ್ತ್ರದ ಕೆಲಸ ನೋಡುತ್ತಿದ್ದರೆ ಅರ್ನಿ ಪಕ್ಕದ ಗೋದಾಮಿನಲ್ಲಿದ್ದ. ಒಂದು ಚಳಿಗಾಲ ಅರ್ನಿ ತನ್ನ ಶೆಡ್ಡಿನಲ್ಲಿ ಮಸ್ಕ್‌ರಾಟಿನ ತೊಗಲು ಬಿಡಿಸುವುದನ್ನು ಮಡಿವಾಳಪ್ಪ ನಿಂತು ನೋಡಿದ. ಚಾಕು ಎಲ್ಲಿ ನಿಲ್ಲಬೇಕು, ಹೆಬ್ಬೆರಳು ಎಲ್ಲಿ ಒತ್ತಬೇಕು ಎಂಬುದು ಅವನ ಕೈಗೆ ಮೊದಲೇ ಗೊತ್ತಿತ್ತು. ಗೋಕಾಕದ ಹತ್ತಿರದ ಅವನ ಊರಿನಲ್ಲಿ ಮನೆತನದ ಕಸುಬು ತೊಗಲು ಹದ ಮಾಡುವುದು. ಆ ಕಸುಬಿನ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಅವನು ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದ್ದ. ಈ ಪರದೇಶದ ಕನ್ನಡ ಸಂಘದ ಊಟದಲ್ಲಿ ಯಾರಾದರೂ ತಂದೆಯ ಬಗ್ಗೆ ಕೇಳಿದರೆ "ವ್ಯಾಪಾರ" ಎಂದು ಹೇಳಿ ಮಾತು ತಿರುಗಿಸುತ್ತಿದ್ದ. ಆದರೆ ಅರ್ನಿಯ ಶೆಡ್ಡಿಗೆ ಬರುವ ಜನ ಟೋಪಿ ತೆಗೆದು ಒಳಗೆ ಬರುತ್ತಿದ್ದರು, ತೊಗಲುಗಳನ್ನು ಮೆಚ್ಚಿ ಮುಟ್ಟಿ ನೋಡುತ್ತಿದ್ದರು. ಅದನ್ನು ಕಂಡ ದಿನದಿಂದ ಅವನಿಗೆ ಈ ಜೌಗು ಬೇಕಾಗಿತ್ತು. ಟ್ರ್ಯಾಪು ಇಡುವವರ ಕೋರ್ಸು ಮುಗಿಸಿ ಲೈಸೆನ್ಸು ಪಡೆದ. ಡಿಸೆಂಬರಿನಲ್ಲಿ ಅರ್ನಿ ಬಿದ್ದು ಸೊಂಟ ಮುರಿದುಕೊಂಡಾಗ ಜೌಗಿನ ಒಡತಿಗೆ ಮಡಿವಾಳಪ್ಪನ ಹೆಸರು ಹೇಳಿದ.

ಒಡತಿಯ ಷರತ್ತು ಒಂದು: ಬಾತು, ಹೆಬ್ಬಾತುಗಳು ವಾಪಸ್ಸು ಬರುವ ಮೊದಲು, ಮಾರ್ಚ್ ಹತ್ತರ ಸಂಜೆಯೊಳಗೆ, ಒಂದು ಟ್ರ್ಯಾಪೂ ನೀರಿನಲ್ಲಿ ಉಳಿಯಬಾರದು. ಅರ್ನಿಯದು ಇನ್ನೊಂದು: ಸರಿಯಾಗಿ ಒಣಗಿದ ಹದಿನಾರು ತೊಗಲು. ಎರಡರಲ್ಲಿ ಯಾವುದು ತಪ್ಪಿದರೂ ಜೌಗು ಬೇರೆಯವರಿಗೆ.

ಹದಿನಾರು ಕಷ್ಟದ ಲೆಕ್ಕವಾಗಿರಲಿಲ್ಲ. ಫೆಬ್ರವರಿಯ ಮೊದಲ ವಾರದಲ್ಲೇ ಒಂಬತ್ತು ಸಿಕ್ಕಿದ್ದವು. ಅವನ್ನು ಬಿಡಿಸಿ, ತುಪ್ಪಳ ಒಳಗಾಗುವಂತೆ ಮಗುಚಿ, ಹಲಗೆಗಳಿಗೆ ಏರಿಸಿ, ಬೇಸ್‌ಮೆಂಟಿನಲ್ಲಿ ತೂಗುಹಾಕಿ ಅವನು ಮಧ್ಯಾಹ್ನದ ಶಿಫ್ಟಿಗೆ ಹೋಗಿದ್ದ. ಮರಳಿ ಬಂದಾಗ ಹಲಗೆಗಳು ಖಾಲಿ. ಈರವ್ವ ಒಂದು ಪ್ಲಾಸ್ಟಿಕ್ ಟಬ್ಬಿನ ಮುಂದೆ ಕೂತಿದ್ದಳು. ಒಂಬತ್ತೂ ತೊಗಲುಗಳನ್ನು ಹೊಟ್ಟೆಯ ಉದ್ದಕ್ಕೆ ಸೀಳಿ, ಬಿಡಿಸಿ ಹಾಸಿ, ಎರಡು ಕಿಲೋ ಉಪ್ಪು ತಿಕ್ಕಿ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದಳು. ಒಂದು ಸುಕ್ಕಿಲ್ಲ, ಒಂದು ತೂತಿಲ್ಲ.

"ಯವ್ವಾ, ಏನ ಮಾಡಿದಿ ಇದನ್ನ?"

"ಉಪ್ಪ ಹಾಕೀನಿ. ಉಪ್ಪಿಲ್ದ ತೊಗಲ ನಿಂದರತೈತೇನೋ? ಹುಳಾ ಬೀಳತಾವ. ಕೆಮಿಸ್ಟ್ರಿ ಓದಿ ಇಷ್ಟೂ ತಿಳೀಲಿಲ್ಲೇನ ನಿನಗ?"

ಅವಳ ಊರಿನ ಸೆಖೆಯಲ್ಲಿ ಅದು ಸರಿ. ಆಡಿನ ತೊಗಲಿಗೆ, ಸುಣ್ಣದ ಗುಂಡಿಗೆ, ತಂಗಡಿ ತೊಗಟೆಯ ಹದಕ್ಕೆ ಸರಿ. ತುಪ್ಪಳದ ತೊಗಲಿಗೆ ಉಪ್ಪು ಸೋಕಬಾರದು. ಉಪ್ಪು ಗಾಳಿಯ ತೇವ ಎಳೆದುಕೊಂಡರೆ ತೊಗಲು ಒಣಗುವುದೇ ಇಲ್ಲ. ಸೀಳಲಂತೂ ಬಾರದು, ಕಾಲುಚೀಲದ ಹಾಗೆ ಇಡಿಯಾಗಿರಬೇಕು. ಒಂಬತ್ತೂ ಲೆಕ್ಕದಿಂದ ಹೋದವು. ಆಮೇಲೆ ಮತ್ತೆ ಒಂಬತ್ತು ಹಿಡಿದು ಒಣಗಿಸಿದ್ದ. ಏಳು ಬಾಕಿ.

"ಹಗ್ಗಾ ಬಿಗೀರಿ," ಎಂದ ಮಡಿವಾಳಪ್ಪ.

ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ದೋಣಿಯನ್ನು ಅವರು ಮಂಜುಗಡ್ಡೆಯ ಮೇಲೆ ಇಳಿಸಿದರು. ಮಾರ್ಚಿನಲ್ಲಿ ಒಬ್ಬನೇ ಹೋಗಬೇಡ, ದೋಣಿಯ ಅಂಚು ಬಿಡಬೇಡ: ಅರ್ನಿಯ ನಿಯಮ ಇವೆರಡೇ. ಮೊದಲನೆಯದಕ್ಕಾಗಿ ಪಕ್ಕದ ಮನೆಯ ಮಧುಸೂದನ್ ಬಂದಿದ್ದ. ಮೈಸೂರಿನವನು, ಸಿವಿಲ್ ಎಂಜಿನಿಯರ್, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು.

"ಹಗ್ಗ ಎಳೀತೀನಿ, ಐಸ್ ಅಳೀತೀನಿ, ಟ್ರಕ್ ಓಡಿಸ್ತೀನಿ," ಎಂದು ಮೊದಲ ದಿನವೇ ಹೇಳಿದ್ದ. "ಆ ಪ್ರಾಣೀನ ಮಾತ್ರ ಮುಟ್ಟಲ್ಲ. ನಂಗೆ ಲೈಸೆನ್ಸೂ ಇಲ್ಲ. ಕಾನೂನು, ಧರ್ಮ ಎರಡೂ ನನ್ ಕಡೆಗಿದೆ."

ದಡದ ಬಳಿ ಅವನು ಕೈಬೈರಿಗೆಯಿಂದ ತೂತು ಕೊರೆದು ಅಳತೆಪಟ್ಟಿ ಇಳಿಸಿದ. ಹದಿಮೂರು ಸೆಂಟಿಮೀಟರ್. "ಗಟ್ಟಿ ಐಸ್ ಆದ್ರೆ ಹತ್ತೇ ಸಾಕು ಸಾರ್. ಆದ್ರೆ ಇದು ಗಟ್ಟಿ ಅಲ್ಲ." ಕೊರೆದ ಪುಡಿಯನ್ನು ಅಂಗೈಯಲ್ಲಿ ಒತ್ತಿದ. ಅದು ಕಲ್ಲುಪ್ಪಿನ ಹಾಗೆ ಬಿಡಿಬಿಡಿಯಾಗಿ ಉದುರಿತು.

ಅವರು ನಡೆದರು.

ಜೌಗು ಬೂದು ಬಣ್ಣದಲ್ಲಿ ಹಬ್ಬಿತ್ತು. ಆಳೆತ್ತರದ ಒಣ ಜೊಂಡು ಎಡಕ್ಕೆ ಗೋಡೆಯಂತೆ ನಿಂತಿತ್ತು; ಬಲಕ್ಕೆ ಬಯಲು ಮಂಜುಗಡ್ಡೆ, ಅದರ ಮೇಲೆ ಕರಗಿದ ನೀರಿನ ತೆಳು ಪದರ. ತೆಂಕಣದಲ್ಲಿ ಜೌಗನ್ನು ಸರೋವರದಿಂದ ಬೇರೆ ಮಾಡುವ ಮರಳದಿಬ್ಬ ಒಂದು ಗೆರೆಯಂತೆ ಕಾಣುತ್ತಿತ್ತು. ಅದರಾಚೆ ಅಲೆಗಳ ಮೊರೆತ. ಪಡುವಣದಲ್ಲಿ, ದೂರದಲ್ಲಿ, ಅಣುವಿದ್ಯುತ್ ಸ್ಥಾವರದ ದುಂಡು ಗುಮ್ಮಟಗಳು ಮೋಡದೊಳಗೆ ಅರ್ಧ ಮುಳುಗಿದ್ದವು. ಮಸ್ಕ್‌ರಾಟ್‌ಗಳು ಉಸಿರಾಡಲು ಮಂಜುಗಡ್ಡೆಯನ್ನು ಕಡಿದು, ಆ ತೂತಿನ ಮೇಲೆ ಜೊಂಡಿನ ಕೊಳೆತ ಬೇರು ಹೊರಿಸಿ ಗುಪ್ಪೆ ಕಟ್ಟುತ್ತವೆ. ಅಂಥ ಗುಪ್ಪೆಗಳು ಬಯಲಿನಲ್ಲಿ ಅಲ್ಲಲ್ಲಿ ಸಗಣಿ ಕುಪ್ಪೆಗಳಂತೆ ಕಾಣುತ್ತಿದ್ದವು. ಒಂದು ಗುಪ್ಪೆಯಿಂದ ಇನ್ನೊಂದಕ್ಕೆ ಅವು ಈಜುವ ಹಾದಿಯಲ್ಲಿ ಬಿಟ್ಟ ಉಸಿರು ಬಿಳಿ ಗುಳ್ಳೆಗಳಾಗಿ ಮಂಜುಗಡ್ಡೆಗೆ ಅಂಟಿರುತ್ತದೆ. ಗುಳ್ಳೆಗಳ ಸಾಲು ನೋಡಿ ಟ್ರ್ಯಾಪು ಇಡಬೇಕು. ಆ ಸಾಲಿನ ಮೇಲೆ ಕಾಲು ಮಾತ್ರ ಇಡಬಾರದು. ಅಲ್ಲಿ ಮಂಜುಗಡ್ಡೆ ಅರ್ಧಕ್ಕರ್ಧ ತೆಳು.

ಮೊದಲ ಟ್ರ್ಯಾಪಿನ ಕಂಬ. ಮಡಿವಾಳಪ್ಪ ಹಾರೆಯಿಂದ ಸುತ್ತ ಕುಟ್ಟಿ, ಕಂಬವನ್ನು ಮೇಲೆತ್ತಿದ. ತುದಿಯಲ್ಲಿ ಉಕ್ಕಿನ ಚೌಕದ ಟ್ರ್ಯಾಪು, ಅದರಲ್ಲಿ ಮಸ್ಕ್‌ರಾಟ್. ಕುತ್ತಿಗೆಗೆ ಪೆಟ್ಟು ಬಿದ್ದು ತಕ್ಷಣ ಸತ್ತಿತ್ತು. ಅದನ್ನು ಕೊಡವಿ ನೀರು ತೆಗೆದು ದೋಣಿಯಲ್ಲಿಟ್ಟ.

"ಒಂದು," ಎಂದ.

ಎರಡನೆಯದು ಖಾಲಿ. ಮೂರು, ನಾಲ್ಕು, ಐದರಲ್ಲಿ ಒಂದೊಂದು. ಆರು ಖಾಲಿ. ಏಳರಲ್ಲಿ ಒಂದು, ಎಂಟು ಖಾಲಿ. ಒಂಬತ್ತರಲ್ಲಿ ದೊಡ್ಡದೊಂದು. ಆರು ಮಸ್ಕ್‌ರಾಟ್ ದೋಣಿಯ ಅಂಚಿನ ಉದ್ದಕ್ಕೆ ಬಾಲ ಹೊರಗೆ ಚಾಚಿ ಮಲಗಿದ್ದವು.

ಆಗ ಮಡಿವಾಳಪ್ಪನ ಹಾರೆಯ ಸದ್ದು ಬದಲಾಯಿತು.

ಅಲ್ಲಿಯವರೆಗೆ ಠಣ್ ಎನ್ನುತ್ತಿದ್ದದ್ದು ಈಗ ಧಂ ಎಂದಿತು. ಡೊಳ್ಳಿನ ಸದ್ದು. ಅವನು ನಿಂತ. ಇನ್ನೊಮ್ಮೆ ಕುಟ್ಟಿದ. ಧಂ.

"ಏನ್ ಸಾರ್ ಅದು?"

"ಕೆಳಗ ನೀರಿಲ್ಲ."

ಮಧುಸೂದನ್ ತೂತು ಕೊರೆದ. ಬೈರಿಗೆ ಒಳಗಿಳಿದಾಗ ನೀರು ಚಿಮ್ಮಲಿಲ್ಲ. ಪಟ್ಟಿ ಇಳಿಸಿ ನೋಡಿದ: ಒಂಬತ್ತು ಸೆಂಟಿಮೀಟರ್ ಮಂಜುಗಡ್ಡೆ, ಅದರ ಕೆಳಗೆ ಇಪ್ಪತ್ತೆರಡು ಸೆಂಟಿಮೀಟರ್ ಬರೀ ಗಾಳಿ, ಆಮೇಲೆ ನೀರು. ಅವನು ತಲೆಯೆತ್ತಿ ಮರಳದಿಬ್ಬದ ಕಡೆ ನೋಡಿದ. ಗೆರೆಯ ನಡುವೆ ಒಂದು ಕಡೆ ಕಪ್ಪಾಗಿ ಕಡಿದುಹೋಗಿತ್ತು.

"ದಿಬ್ಬ ಒಡೆದಿದೆ," ಎಂದ ಮೆಲ್ಲಗೆ. "ಜೌಗಿನ ನೀರು ಲೇಕ್‌ಗೆ ಹೋಗ್ತಾ ಇದೆ. ಸಾರ್, ಈ ಐಸ್ ತೇಲ್ತಾ ಇಲ್ಲ. ಕಂಬ ಇಲ್ಲದ ಸ್ಲ್ಯಾಬ್ ಥರ ಸುಮ್ನೆ ನೇತಾಡ್ತಿದೆ. ಒಂದೊಂದ್ ಇಂಚು ನೀರು ಇಳಿದಷ್ಟೂ..."

ಅವನು ಮಾತು ಮುಗಿಸಲಿಲ್ಲ. ಎಲ್ಲೋ ಜೊಂಡಿನೊಳಗೆ ಬಂದೂಕಿನಂತೆ ಒಂದು ಸದ್ದಾಯಿತು. ಅದು ಅವರ ಕಾಲ ಕೆಳಗೆ ಹಾದು ಆಚೆ ದಡಕ್ಕೆ ಹೋಯಿತು.

"ತಿರುಗೂಣು. ದೋಣಿ ಬಿಡಬ್ಯಾಡ್ರಿ."

ಪಕ್ಕದಲ್ಲೇ ಇದ್ದ ಹತ್ತನೆಯ ಕಂಬವನ್ನು ಮಡಿವಾಳಪ್ಪ ಕಿತ್ತು, ಖಾಲಿ ಟ್ರ್ಯಾಪನ್ನು ದೋಣಿಗೆ ಹಾಕಿದ. ಅವರು ದೋಣಿಯನ್ನು ತಿರುಗಿಸಿದರು. ಮಧುಸೂದನ್ ಹಿಡಿಯಬೇಕಾದ ಅಂಚಿನ ಮೇಲೆ ಆರು ಸತ್ತ ಪ್ರಾಣಿಗಳ ಬಾಲಗಳು. ಎಳೆದಂತೆಲ್ಲ ಅವು ಅವನ ಕೈಗೆ ತಾಗುತ್ತಿದ್ದವು. ಒಮ್ಮೆ ತಾಗಿತು, ಸಹಿಸಿದ. ಎರಡನೆಯ ಸಲ ತಾಗಿದಾಗ, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂತೆಗೆದ. ಮತ್ತೆ ತಾಗದಿರಲೆಂದು ಪಕ್ಕಕ್ಕೆ ಎರಡು ಹೆಜ್ಜೆ ಸರಿದ.

ಎರಡನೆಯ ಹೆಜ್ಜೆ ಬಿಳಿ ಗುಳ್ಳೆಗಳ ಸಾಲಿನ ಮೇಲೆ ಬಿತ್ತು.

ಕೂಗು ಕೇಳಿಸಲಿಲ್ಲ. ಮಡಿವಾಳಪ್ಪ ತಿರುಗಿದಾಗ ಮಧುಸೂದನ್ ಇದ್ದಲ್ಲಿ ಕಪ್ಪು ನೀರು ಮಾತ್ರ ಕುದಿಯುತ್ತಿತ್ತು.

ಟೋಪಿ ಮೇಲೆ ಬಂತು. ಆಮೇಲೆ ತಲೆ. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ.

"ಕೈ! ಕೈ ಚಾಚ್ರಿ!"

ಮಧುಸೂದನ್ ಮಂಜುಗಡ್ಡೆಯ ಅಂಚು ಹಿಡಿದ. ಅಂಚು ಮುರಿಯಿತು. ಮತ್ತೆ ಹಿಡಿದ. ಮತ್ತೆ ಮುರಿಯಿತು.

ಮಡಿವಾಳಪ್ಪ ದೋಣಿಯೊಳಗೆ ಬೋರಲು ಬಿದ್ದು, ಹಾರೆಯನ್ನು ಮಂಜುಗಡ್ಡೆಗೆ ಚುಚ್ಚಿ ಚುಚ್ಚಿ ದೋಣಿಯನ್ನು ತೂತಿನ ಕಡೆ ನೂಕಿದ. ಮುಂಭಾಗ ಜಾರಿ ನೀರಿಗಿಳಿಯಿತು. ಮಧುಸೂದನನ ಎರಡೂ ಕೈ ದೋಣಿಯ ಅಂಚನ್ನು ಕಚ್ಚಿದವು.

"ಒದ್ದು ಮ್ಯಾಲ ಬರ‍್ರಿ!"

"ಆಗ್ತಾ... ಇಲ್ಲ. ಕಾಲು... ಕೆಸರು..."

ನೀರು ಎದೆಯಷ್ಟೇ ಇತ್ತು. ಆದರೆ ತಳದಲ್ಲಿ ಗಟ್ಟಿ ನೆಲವಿರಲಿಲ್ಲ. ನೂರಾರು ವರ್ಷಗಳ ಕೊಳೆತ ಜೊಂಡಿನ ಕೆಸರು. ಸೊಂಟದವರೆಗಿನ ರಬ್ಬರ್ ಬೂಟುಗಳಲ್ಲಿ ನೀರು ತುಂಬಿತ್ತು, ಕೆಸರು ಅವನ್ನು ಹಿಡಿದು ಕೆಳಗೆ ಎಳೆಯುತ್ತಿತ್ತು. ಎದೆಯಷ್ಟಿದ್ದ ನೀರು ಭುಜಕ್ಕೆ ಬಂತು. ಮಡಿವಾಳಪ್ಪ ಕಾಲರ್ ಹಿಡಿದು ಎಳೆದ. ಕಲ್ಲು ಎಳೆದಂತಾಯಿತು. ನೀರು ಗದ್ದಕ್ಕೆ ಬಂತು.

ತೊಗಲು ಬಿಡಿಸುವ ಚಾಕು ಅವನ ಸೊಂಟದಲ್ಲಿತ್ತು. ಎಡಗೈಯಲ್ಲಿ ಕಾಲರ್ ಹಿಡಿದುಕೊಂಡೇ ಬಲಗೈಯನ್ನು ಹೆಗಲವರೆಗೆ ನೀರಿಗೆ ಇಳಿಸಿದ. ಕಣ್ಣಿಗೆ ಏನೂ ಕಾಣಿಸದು. ಬೆರಳುಗಳು ತಡವಿದವು. ಬೂಟನ್ನು ಬೆಲ್ಟಿಗೆ ಕಟ್ಟಿದ ಪಟ್ಟಿ ಸಿಕ್ಕಿತು. ಚಾಕುವಿನ ಬೆನ್ನನ್ನು ಮನುಷ್ಯನ ಕಡೆಗೆ, ಬಾಯನ್ನು ಹೊರಗೆ ತಿರುಗಿಸಿ ಕತ್ತರಿಸಿದ. ಒಂದು. ಇನ್ನೊಂದು ಪಟ್ಟಿ. ಬೆರಳು ಮರಗಟ್ಟುತ್ತಿತ್ತು. ಕತ್ತರಿಸಿದ.

"ಈಗ ಎಳೀರಿ ಕಾಲ! ಬೂಟ ಅಲ್ಲೇ ಬಿಡ್ರಿ!"

ಮಧುಸೂದನ್ ಒಮ್ಮೆ ಒದ್ದ. ಎರಡು ಸಲ ಒದ್ದ. ಕೆಸರು ಬೂಟು ಇಟ್ಟುಕೊಂಡು ಮನುಷ್ಯನನ್ನು ಬಿಟ್ಟಿತು. ಅವನು ದೋಣಿಯೊಳಗೆ ಉರುಳಿ ಆರು ಮಸ್ಕ್‌ರಾಟ್‌ಗಳ ಮೇಲೆ ಬೋರಲು ಬಿದ್ದ. ಎದ್ದೇಳಲು ನೋಡಿದ, ಆಗಲಿಲ್ಲ. ಅವುಗಳ ತುಪ್ಪಳದಲ್ಲಿ ಮುಖ ಹುದುಗಿಸಿ ನಡುಗುತ್ತಾ ಮಲಗಿದ.

ಮಡಿವಾಳಪ್ಪ ಒಂದು ಮೊಣಕಾಲು ದೋಣಿಯಲ್ಲಿಟ್ಟು, ಇನ್ನೊಂದು ಕಾಲಿನಿಂದ ಮಂಜುಗಡ್ಡೆಯನ್ನು ನೂಕುತ್ತಾ ದಡ ಮುಟ್ಟಿದಾಗ ಗಂಟೆ ಎಂಟೂ ಐದು.

ಟ್ರಕ್ಕಿನ ಹೀಟರ್ ಪೂರ್ತಿ ಹಾಕಿ, ಒದ್ದೆ ಬಟ್ಟೆ ಕಳಚಿ, ತಾನು ತಂದಿದ್ದ ಬದಲಿ ಬಟ್ಟೆ ತೊಡಿಸಿ, ಈರವ್ವ ಹೊಲಿದ ಕೌದಿಯನ್ನು ಸುತ್ತಿದ. ಫ್ಲಾಸ್ಕಿನ ಚಹಾ ಗುಟುಕು ಗುಟುಕಾಗಿ ಕುಡಿಸಿದ. ಮಧುಸೂದನನ ಹಲ್ಲು ಕಟಕಟ ಎನ್ನುತ್ತಿದ್ದವು. ಅದು ಒಳ್ಳೆಯ ಲಕ್ಷಣ. ನಡುಕ ನಿಂತರೆ ಮಾತ್ರ ಭಯ. ಇಪ್ಪತ್ತು ನಿಮಿಷದಲ್ಲಿ ತುಟಿಗೆ ಬಣ್ಣ ಬಂತು.

"ದವಾಖಾನಿಗೆ ಹೋಗೂಣೇನ್ರಿ?"

"ಬೇಡ. ಬೆರಳೆಲ್ಲಾ ಆಡ್ತಿದೆ. ನೋಡಿ." ಆಡಿಸಿ ತೋರಿಸಿದ. ಆಮೇಲೆ, "ಎಷ್ಟಾಯ್ತು?"

"ಆರು."

"ಟ್ರ್ಯಾಪು?"

"ಹತ್ತು ತಗದೀನಿ. ಎರಡ ಉಳದಾವು."

ಇಬ್ಬರೂ ಜೌಗನ್ನು ನೋಡಿದರು. ಉಳಿದ ಎರಡು ಕಂಬಗಳು ಅತ್ತ, ಮರಳದಿಬ್ಬದ ಬಳಿ. ದಡದಿಂದ ಆರುನೂರು ಮೀಟರ್.

"ನೀವೇನಾದ್ರೂ ಹೋದ್ರೆ ನಿಮ್ ತಾಯಿಗೆ ಹೇಳ್ಬಿಡ್ತೀನಿ," ಎಂದ ಮಧುಸೂದನ್. ದನಿಯಲ್ಲಿ ತಮಾಷೆ ಇರಲಿಲ್ಲ.

ಮಡಿವಾಳಪ್ಪ ಲೆಕ್ಕ ಹಾಕಿದ. ನಡೆದರೆ ಮನುಷ್ಯನ ಭಾರ ಎರಡು ಪಾದಗಳ ಮೇಲೆ. ದೋಣಿಯಲ್ಲಿ ಬೋರಲು ಮಲಗಿ ಎರಡು ಹಾರೆಗಳಿಂದ ಎಳೆದುಕೊಂಡು ಹೋದರೆ ಅದೇ ಭಾರ ಎರಡು ಚದರ ಮೀಟರಿನ ಮೇಲೆ. ಮಂಜುಗಡ್ಡೆ ಮುರಿದರೂ ದೋಣಿ ತೇಲುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

"ಮಂಜು ಇಳಿಯಾಕತ್ತೈತಿ," ಎಂದ. "ನಿಮಿಷಕ್ಕೊಮ್ಮೆ ಹಾರ್ನ್ ಹೊಡೀರಿ. ನಾ ಆ ಸಪ್ಪಳಾ ಹಿಡದ ಬರ್ತೀನಿ. ಒಂದ ತಾಸಿನ್ಯಾಗ ಬರ್ಲಿಲ್ಲಂದ್ರ ಒಡತಿ ಮನಿಗೆ ಹೋಗಿ ಫೋನ್ ಮಾಡ್ರಿ."

ಅವನು ಹೊರಟ. ಬೋರಲು ಮಲಗಿದ ಮುಖದಿಂದ ಮಂಜುಗಡ್ಡೆಗೆ ಒಂದು ಗೇಣು. ಅದು ಉಸಿರಾಡುತ್ತಿರುವುದು ಅವನಿಗೆ ಕೇಳುತ್ತಿತ್ತು. ನೀರು ಇಳಿದಂತೆ ಹೊರಗಿನ ಗಾಳಿ ಬಿರುಕುಗಳಿಂದ ಸುಯ್ಯೆಂದು ಒಳಗೆ ನುಗ್ಗುತ್ತಿತ್ತು. ಎರಡು ಕಡೆ ದೋಣಿಯ ಅಡಿ ನಿಧಾನವಾಗಿ, ಹಾಸಿಗೆಯ ಹಾಗೆ ತಗ್ಗಿತು. ಅವನು ಉಸಿರು ಹಿಡಿದು ಜಾರಿ ದಾಟಿದ. ಹಿಂದೆ ಹಾರ್ನ್ ಕೂಗಿತು. ಒಂದು ನಿಮಿಷ. ಮತ್ತೆ ಕೂಗಿತು.

ಹನ್ನೊಂದನೆಯ ಕಂಬ. ಮಲಗಿದಲ್ಲಿಂದಲೇ ಕುಟ್ಟಿ ಎಳೆದ. ಭಾರವಿತ್ತು. ಮಸ್ಕ್‌ರಾಟ್.

ಏಳು. ಹದಿನಾರು ಪೂರ್ತಿಯಾಯಿತು.

ಆ ಹೊತ್ತಿಗೆ ಮಂಜು ಪೂರ್ತಿ ಮುಚ್ಚಿತು. ದಡವಿಲ್ಲ, ಜೊಂಡಿಲ್ಲ, ಗುಮ್ಮಟಗಳಿಲ್ಲ. ಹನ್ನೆರಡನೆಯ ಕಂಬ ಮೂವತ್ತು ಮೀಟರ್ ಮುಂದೆ, ಒಡೆದ ದಿಬ್ಬದ ಬಾಯಿಯ ಹತ್ತಿರ. ಅಲ್ಲಿಂದ ನೀರು ಹರಿಯುವ ಸದ್ದು ಬರುತ್ತಿತ್ತು. ಹಿಂತಿರುಗಬಹುದಿತ್ತು. ತೊಗಲಿನ ಲೆಕ್ಕ ಮುಗಿದಿತ್ತು. ಟ್ರ್ಯಾಪು ನೀರಿನೊಡನೆ ಕೊಚ್ಚಿಹೋಯಿತೆಂದರೆ ಯಾರೂ ಹುಡುಕಲಾರರು. ಮುಂದಿನ ವಾರ ಈ ನೀರು ತೆರೆದುಕೊಂಡಾಗ ಹೆಬ್ಬಾತೊಂದು ಮೇವಿಗೆಂದು ಕುತ್ತಿಗೆ ಮುಳುಗಿಸುತ್ತದೆ. ಅದನ್ನೂ ಯಾರೂ ನೋಡಲಾರರು. ಆದರೆ ಅವನಿಗೆ ಗೊತ್ತಿರುತ್ತದೆ. ಹಾಗೆ ಪಡೆದ ಜೌಗಿನಲ್ಲಿ ಇನ್ನು ಪ್ರತಿ ವರ್ಷ ಈ ಜಾಗಕ್ಕೆ ಬರಬೇಕಾಗುತ್ತದೆ.

ಅವನು ಹಾರೆ ಚುಚ್ಚಿ ಮುಂದಕ್ಕೆ ಎಳೆದುಕೊಂಡ.

ಹತ್ತು ಮೀಟರ್. ಮಂಜುಗಡ್ಡೆ ಓರೆಯಾಗಿತ್ತು.

ಇಪ್ಪತ್ತು. ದೋಣಿ ತಾನಾಗಿ ಜಾರತೊಡಗಿತು, ನೀರಿನ ಸದ್ದಿನ ಕಡೆಗೆ.

ಅವನು ಎರಡೂ ಹಾರೆಗಳನ್ನು ಜೋರಾಗಿ ನೆಟ್ಟು ನಿಲ್ಲಿಸಿದ. ಕಂಬ ಇನ್ನೂ ನಾಲ್ಕು ಮೀಟರ್ ಇತ್ತು. ದೋಣಿಯ ಹಗ್ಗಕ್ಕೆ ಕುಣಿಕೆ ಹಾಕಿ ಎಸೆದ. ತಪ್ಪಿತು. ಎಸೆದ. ತಪ್ಪಿತು. ಐದನೆಯ ಸಲ ಕುಣಿಕೆ ಕಂಬಕ್ಕೆ ಬಿತ್ತು. ಎಳೆದ. ಕಂಬ ಅಲುಗಿತು, ಸುತ್ತಲ ಮಂಜುಗಡ್ಡೆ ಬಿರಿಯಿತು, ಕಂಬವೂ ಟ್ರ್ಯಾಪೂ ತಟ್ಟೆಯಷ್ಟು ದೊಡ್ಡ ಚೂರಿನೊಂದಿಗೆ ಕಿತ್ತು ಬಂದವು. ಆ ತೂತಿನಿಂದ ಬಿರುಕೊಂದು ಹಾವಿನಂತೆ ಹೊರಟು ದೋಣಿಯ ಪಕ್ಕದಲ್ಲೇ ಹಾದುಹೋಯಿತು.

ಟ್ರ್ಯಾಪು ಖಾಲಿ ಇತ್ತು. ಹನ್ನೆರಡು.

ಅವನು ಹಿಂದಕ್ಕೆ ತಿರುಗಿ ಹಾರ್ನಿಗಾಗಿ ಕಾದ. ಒಂದು ನಿಮಿಷ. ಎರಡು. ಐದು. ಹಾರ್ನ್ ಕೂಗಲಿಲ್ಲ.

ಮಧುಸೂದನನ ನಡುಕ ನಿಂತುಹೋಯಿತೇ? ಸೀಟಿನಲ್ಲಿ ಕುಸಿದನೇ? ಬಿಳಿ ಮಂಜಿನಲ್ಲಿ ಯಾವುದು ದಡ, ಯಾವುದು ಸರೋವರ ಎಂದು ತಿಳಿಯುತ್ತಿರಲಿಲ್ಲ. ಅಲೆಗಳ ಮೊರೆತ ಎಲ್ಲ ದಿಕ್ಕಿನಿಂದಲೂ ಬಂದಂತಿತ್ತು. ಈಗ ತಪ್ಪು ದಿಕ್ಕಿಗೆ ಇಪ್ಪತ್ತು ಮೀಟರ್ ಹೋದರೂ ಸಾಕು, ಒಡೆದ ದಿಬ್ಬದ ಬಾಯಿ ದೋಣಿಯನ್ನು ನುಂಗುತ್ತದೆ.

ಕಣ್ಣು ಮುಚ್ಚಿ ತೆರೆದು ಕೆಳಗೆ ನೋಡಿದ. ದೋಣಿ ಬಂದ ಹಾದಿಯಲ್ಲಿ ಅದರ ಅಡಿ ಮೇಲಿನ ಮೆತ್ತನೆ ಪದರವನ್ನು ತೀಡಿತ್ತು. ಆ ಗೆರೆಯಲ್ಲಿ ನೀರು ತುಂಬಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಎರಡು ಪಕ್ಕಗಳಲ್ಲಿ ಹಾರೆಯ ಕಚ್ಚುಗಳು. ಮೂಗನ್ನು ಆ ಗೆರೆಗೆ ಹಿಡಿದು ಅವನು ಎಳೆದುಕೊಳ್ಳತೊಡಗಿದ. ಒಂದು ಕಚ್ಚು, ಮುಂದಿನ ಕಚ್ಚು. ಗೆರೆ ಅಳಿಸಿದಲ್ಲಿ ನಿಂತು ಕೈಯಿಂದ ತಡವಿ ಹುಡುಕಿದ. ಎಷ್ಟು ಹೊತ್ತಾಯಿತೋ.

ಮಂಜಿನೊಳಗಿಂದ ಒಂದು ದನಿ ಬಂತು. ಒಡೆದ, ಕರ್ಕಶ ದನಿ.

"...ಹತ್ತೊಂಬತ್ನಾಲ್ಕ್ಲಿ ಎಪ್ಪತ್ತಾರು! ಹತ್ತೊಂಬತ್ತೈದ್ಲಿ ತೊಂಬತ್ತೈದು!"

ಮಡಿವಾಳಪ್ಪ ತಲೆಯೆತ್ತಿದ.

"ಹತ್ತೊಂಬತ್ತಾರ್ಲಿ ನೂರಾ ಹದಿನಾಲ್ಕು! ಹತ್ತೊಂಬತ್ತೇಳ್ಲಿ... ನೂರಾ ಇಪ್ಪತ್ಮೂರು!"

"ನೂರಾ ಮೂವತ್ಮೂರ‍್ರೀ!" ಎಂದು ಮಡಿವಾಳಪ್ಪ ಇದ್ದಬದ್ದ ಶಕ್ತಿಯಿಂದ ಕೂಗಿದ.

ಮಗ್ಗಿ ನಿಂತಿತು.

"ಸಾರ್! ಬದುಕಿದೀರಾ!"

"ಮಗ್ಗಿ ನಿಲ್ಲಿಸಬ್ಯಾಡ್ರಿ! ಹೇಳಕೋತ ಇರ‍್ರಿ!"

ಹತ್ತೊಂಬತ್ತು ಮುಗಿದು ಹದಿನೇಳರ ಮಗ್ಗಿ ಅರ್ಧಕ್ಕೆ ಬಂದಾಗ ದೋಣಿಯ ಮೂತಿ ದಡದ ಹುಲ್ಲಿಗೆ ತಾಗಿತು. ಮಧುಸೂದನ್ ಕೌದಿ ಹೊದ್ದು, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಚಕ್ರದ ನಟ್ಟು ಬಿಚ್ಚುವ ಕಬ್ಬಿಣವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಹಾರ್ನಿನ ಫ್ಯೂಸು ಹೋಗಿತ್ತು. ಬಂಪರ್ ಬಡಿದು ಬಡಿದು ಕೈ ಸೋತು ಕೂಗಲು ಶುರುಮಾಡಿದ್ದ.

"ಏನ್ ಕೂಗ್ಬೇಕು ಅಂತ್ಲೇ ಹೊಳೀಲಿಲ್ಲ ಸಾರ್. ತಲೆಗೆ ಬಂದಿದ್ದು ಅದೊಂದೇ."

ಅವನು ಬಗ್ಗಿ, ದೋಣಿಯಲ್ಲಿದ್ದ ಮಸ್ಕ್‌ರಾಟ್‌ಗಳನ್ನು ಒಂದೊಂದಾಗಿ ಎತ್ತಿ ಟ್ರಕ್ಕಿಗೆ ಹಾಕಿದ. ಏಳು.

ಮಧ್ಯಾಹ್ನ ಮಳೆ ಸುರಿಯುತ್ತಿದ್ದಾಗ ಬೇಸ್‌ಮೆಂಟಿನಲ್ಲಿ ಕೆಲಸ ನಡೆದಿತ್ತು. ಮಡಿವಾಳಪ್ಪನ ಬೆರಳುಗಳು ಬಾತಿದ್ದವು. ಒಂದು ಹಿಮ್ಮಡಿಯಿಂದ ಇನ್ನೊಂದು ಹಿಮ್ಮಡಿಗೆ ಒಂದೇ ಗೀರು ಹಾಕಿ, ಒದ್ದೆ ಬನಿಯನ್ ಕಳಚಿದಂತೆ ತೊಗಲನ್ನು ತಲೆಯ ಕಡೆಗೆ ಮಗುಚಿ ಎಳೆಯುತ್ತಿದ್ದ. ಕಣ್ಣು, ಕಿವಿಯ ಹತ್ತಿರ ಬಂದಾಗ ಚಾಕು ಕೆಳಗಿಟ್ಟು ಬೆರಳು ತಿಕ್ಕಿಕೊಂಡ. ಅಲ್ಲಿ ತುಸು ಹೆಚ್ಚು ಕೊಯ್ದರೂ ತೂತು.

"ಸರಿ ಆ ಕಡೆ," ಎಂದು ಈರವ್ವ ಮಣೆ ಎಳೆದುಕೊಂಡು ಕೂತಳು. ಕೊಬ್ಬು ಕೆರೆಯುವ ಮೊಂಡು ಕತ್ತಿಯನ್ನು ಕೈಯಲ್ಲಿ ತೂಗಿ ನೋಡಿದಳು. "ಅಂಜಬ್ಯಾಡ. ನಿನ್ನ ಉಪ್ಪಿನ ಡಬ್ಬೀ ಕಡೆ ನೋಡೂದೂ ಇಲ್ಲ ನಾ."

"ಯವ್ವಾ, ಇವೇಳು ಕೆಟ್ಟರ ಮತ್ತ ತರಾಕ ಐಸಿಲ್ಲ."

"ನಲವತ್ತ ವರ್ಷ ಒಂದ ತೊಗಲಾ ತೂತ ಮಾಡಿಲ್ಲೋ ನಾನು."

ಅವಳು ತೊಗಲನ್ನು ಹಲಗೆಯ ಮೇಲೆ ಎಳೆದು, ಹೆಬ್ಬೆರಳನ್ನು ಮುಂದೆ ಬಿಟ್ಟು ಅದರ ಹಿಂದೆ ಕತ್ತಿ ಓಡಿಸಿದಳು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೆಬ್ಬೆರಳು ಮೊದಲೇ ಹೇಳುತ್ತಿತ್ತು. ಕೊಬ್ಬು ಕೆನೆಯಂತೆ ಸುರುಳಿಯಾಗಿ ಬಂತು.

ಮಧುಸೂದನ್ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. "ಅಜ್ಜಿ, ಇದೆಲ್ಲಾ ಎಲ್ಲಿ ಕಲಿತ್ರಿ? ನಿಮ್ ಮನೇಲಿ ವ್ಯಾಪಾರ ಅಂತಿದ್ರು ಸಾರು."

ಮಡಿವಾಳಪ್ಪನ ಚಾಕು ನಿಂತಿತು.

"ಯಾವ ಯಾಪಾರಪಾ?" ಎಂದಳು ಈರವ್ವ ತಲೆಯೆತ್ತದೆ. "ತೊಗಲ ಹದಾ ಮಾಡತಿದ್ವಿ. ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಮಾಡೂದು. ಇವಗ ಹೇಳಾಕ ನಾಚಿಕಿ."

ಮನೆ ಬೆಚ್ಚಗಿಡುವ ಕುಲುಮೆಯ ಫ್ಯಾನು ಶುರುವಾಗಿ ನಿಂತಿತು. ಮಧುಸೂದನ್ ಕುರ್ಚಿಯಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ಹಲಗೆ ನಾನು ಹಿಡ್ಕೊಳ್ತೀನಿ," ಎಂದ. "ಮೊಳೆ ಎಲ್ಲಿ ಹೊಡೀಬೇಕು ತೋರ್ಸಿ."

ಸಂಜೆಯೊಳಗೆ ಏಳೂ ತೊಗಲುಗಳು, ತುಪ್ಪಳ ಒಳಗೆ, ಚರ್ಮ ಹೊರಗೆ, ಕುಲುಮೆಯಿಂದ ದೂರದ ತಣ್ಣನೆ ಗೋಡೆಗೆ ಸಾಲಾಗಿ ನೇತಾಡಿದವು. ಮಡಿವಾಳಪ್ಪ ಪ್ರತಿ ದಿನ ಎರಡು ಸಲ ಇಳಿದು ಬಂದು ಅವನ್ನು ಮುಟ್ಟಿ ನೋಡಿದ. ಕೊಳೆತ ವಾಸನೆ ಬಂತೇ ಎಂದು ಮೂಸಿದ. ಕನಸಿನಲ್ಲಿ ಅವು ಒದ್ದೆಯಾಗಿಯೇ ಇರುತ್ತಿದ್ದವು.

ಮಾರ್ಚ್ 21ರ ಗುರುವಾರ ಅರ್ನಿ ಊರುಗೋಲಿನ ಮೇಲೆ ಒಂದೊಂದೇ ಮೆಟ್ಟಿಲಿಳಿದು ಬಂದ. ಮೊದಲು ಟ್ರ್ಯಾಪುಗಳನ್ನು ಎಣಿಸಿದ. ಆಮೇಲೆ ತೊಗಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಉಗುರಿನಿಂದ ಮೀಟಿ, ಕುತ್ತಿಗೆಯ ಮಡಿಕೆಯಲ್ಲಿ ಮೂಸಿ ನೋಡಿದ. ಒಣ ಹಾಳೆಯ ಸದ್ದು ಬಂತು. ಹದಿನಾಲ್ಕನೆಯದರಲ್ಲಿ ಬಹಳ ಹೊತ್ತು ನಿಂತ.

"ಇದನ್ನು ಕೆರೆದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮಡಿವಾಳಪ್ಪ ತಾಯಿಯ ಕಡೆ ಕೈ ತೋರಿಸಿದ. "ನಮ್ಮ ತಾಯಿ. ನಮ್ಮ ಮನೆಯವರು ತೊಗಲಿನ ಕೆಲಸದವರು."

ಅರ್ನಿ ಟೋಪಿ ತೆಗೆದ. ಏನೋ ಹೇಳಿದ.

"ಏನಂತಾನ ಮುದುಕ?"

"ಇಂಥಾ ಕೈ ತಾ ನೋಡಿಲ್ಲಂತವ್ವಾ."

"ಹೂಂ. ಚಹಾ ಕುಡೀತಾನೇನ ಕೇಳು."

ಅರ್ನಿ ಉಳಿದೆರಡನ್ನೂ ನೋಡಿ ಮುಗಿಸಿ, ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಒಡತಿಯ ಸಹಿ ಕೆಳಗಿತ್ತು. ಮೇಲೆ ಮಡಿವಾಳಪ್ಪನ ಪೂರ್ತಿ ಹೆಸರು, ಕಾಗುಣಿತದ ತಪ್ಪಿಲ್ಲದೆ. ಅದರ ಕೆಳಗೆ ಜೌಗಿನ ವಿಸ್ತೀರ್ಣ: ಮೂವತ್ತೊಂದು ಹೆಕ್ಟೇರ್.